ನಿಮಗಿದು ಗೊತ್ತೆ? ಮರಳುಗಾಡಿನಲ್ಲಿ ಮಳೆನೀರಿನ ಗೋಧಿ

ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 200 ಮಿ.ಮೀ. ಮಳೆಯಷ್ಟೇ ಆಗುತ್ತದೆ. ಆದರೂ ಕಾಲುವೆ, ಕೊಳವೆಬಾವಿಗಳ ಹಂಗಿಲ್ಲದೆ ಅಲ್ಲಿ ಗೋಧಿ, ಕಡಲೆ ಬೆಳೆಯುವ ವಿಧಾನವೊಂದು ಶತಮಾನಗಳಿಂದ ಇದೆ. ಅದೇ ಖಡೀನ್. ಪಾಲೀವಾಲ್ ಬ್ರಾಹ್ಮಣರು 15ನೇ ಶತಮಾನದಲ್ಲಿ ಇದನ್ನು ರೂಢಿಗೆ ತಂದರೆಂದು ಹೇಳುತ್ತಾರೆ.

ಕಲ್ಲುನೆಲದ ದಿಣ್ಣೆಗಳ ಮೇಲೆ ಬಿದ್ದ ಮಳೆನೀರು ಇಂಗದೆ ತಗ್ಗಿಗೆ ಹರಿದು ಬರುತ್ತದೆ. ಅದಕ್ಕೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಏರಿ ಹಾಕುತ್ತಾರೆ. ಹೆಚ್ಚಾದ ನೀರು ಹೊರಹೋಗಲು ಕೋಡಿಯೂ ಉಂಟು. ನಿಂತ ನೀರು ನಿಧಾನವಾಗಿ ಇಂಗಿ ನೆಲವನ್ನು ಆಳದವರೆಗೂ ನೆನೆಸುತ್ತದೆ. ಮಳೆಗಾಲ ಕಳೆದು ನೀರು ಬತ್ತಿದ ಮೇಲೆ ಅದೇ ಅಂಗಳದಲ್ಲಿ ಬಿತ್ತನೆ. ಹಿಂಗಾರು ಬೆಳೆ ಕೈಗೆ ಬರುವವರೆಗೂ ಆ ತೇವವೇ ಆಧಾರ. ನೀರಿನ ಜೊತೆ ಹರಿದುಬರುವ ಮೆಕ್ಕಲು ಮಣ್ಣಿಗೆ ಸಾರ ಕೊಡುತ್ತದೆ. ಇಂಗಿದ ನೀರು ಏರಿಯ ಕೆಳಗಿನ ಬಾವಿಗಳಿಗೂ ಒದಗುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಇಳಿಜಾರನ್ನು ಓದಬಲ್ಲ ಕಣ್ಣು ಬೇಕು, ಅಷ್ಟೆ. ಬರದ ನಾಡಿನ ರೈತರ ಈ ಜಾಣ್ಮೆ ನಿಜಕ್ಕೂ ದೊಡ್ಡದು.

ಪಾಲೀವಾಲರು 19ನೇ ಶತಮಾನದ ಹೊತ್ತಿಗೆ ಕುಲಧರಾದಂಥ ಊರುಗಳನ್ನು ತೊರೆದರು. ಆದರೂ ಜೈಸಲ್ಮೇರ್ ಸುತ್ತಿನ ಹಲವು ಹಳೆಯ ಖಡೀನ್‌ಗಳಲ್ಲಿ ಇಂದಿಗೂ ಬೇಸಾಯ ನಡೆಯುತ್ತಿದೆ.