ಓದು ಬಲ್ಲ ಮಕ್ಕಳ ಶ್ರಮದಾನ

ವರ್ಷಕ್ಕೊಮ್ಮೆ ಯಾದಗಿರಿ, ಶಹಾಪುರ, ಸುರಪುರದ ಕಾಲೇಜು ಹುಡುಗ-ಹುಡುಗಿಯರು ಹಾಸಿಗೆ, ತಾಟು, ಲೋಟ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಾರೆ. ಏಳು ದಿನ ಊರ ಶಾಲೆಯೇ ಅವರಿಗೆ ಮನೆ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಸಲಿಕೆ-ಬುಟ್ಟಿ ಹಿಡಿದು ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಹಾಡು, ನಾಟಕ. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಕಾಗದದ ಮೇಲೆ ಇದು ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ವಿಶೇಷ ಶಿಬಿರ. ಊರವರ ಬಾಯಲ್ಲಿ ‘ಎನ್ನೆಸ್ಸೆಸ್ ಕ್ಯಾಂಪು’.

ಈ ಮಕ್ಕಳಲ್ಲಿ ಹಲವರು ಇಂಥದೇ ಹಳ್ಳಿಗಳಿಂದ ಬಂದವರು. ಅಪ್ಪ-ಅವ್ವ ಕೂಲಿಗೆ ಹೋಗುವವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಬಡವರಿಗೆ ನೆರವಾಗಲು ಹೊರಟವರಿಗೆ ಬಡತನವನ್ನು ಯಾರೂ ಪಾಠ ಮಾಡಿ ತಿಳಿಸಬೇಕಿಲ್ಲ. ಇಲ್ಲಿನ ವಿದ್ಯಾರ್ಥಿ ಸೇವೆಯ ದೊಡ್ಡ ಬಲ ಅದು.

ಬಳ್ಳಾರಿಯ ನಂಟು

ಎನ್ನೆಸ್ಸೆಸ್ ಶುರುವಾದದ್ದು ಗಾಂಧೀಜಿಯ ಜನ್ಮಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು. ಮೊದಲಿಗೆ 37 ವಿಶ್ವವಿದ್ಯಾಲಯಗಳು ಸೇರಿದವು. ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಆಗ ಅವರು ಬಳ್ಳಾರಿಯ ಲೋಕಸಭಾ ಸದಸ್ಯರು. ಇಂದು ಕಲ್ಯಾಣ ಕರ್ನಾಟಕ ಎಂದು ಕರೆಯುವ ಸೀಮೆಯ ಪ್ರತಿನಿಧಿಯೊಬ್ಬರ ಕೈಯಿಂದ ಈ ಯೋಜನೆ ಹೊರಟಿತೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಅಂದರೆ ವರ್ಷಕ್ಕೆ 120. ಇದರಲ್ಲಿ ತರಬೇತಿ, ಕಾಲೇಜಿನ ಆವರಣದ ಕೆಲಸ ಕಳೆದರೆ ಸುಮಾರು 70 ಗಂಟೆ ಸಮುದಾಯದ್ದು. ಏಳು ದಿನದ ಶಿಬಿರದ ಲೆಕ್ಕ ಬೇರೆ. ಘಟಕವೊಂದರಲ್ಲಿ ಬರೀ 50 ಮಂದಿ ಆ 70 ಗಂಟೆಯನ್ನು ಪ್ರಾಮಾಣಿಕವಾಗಿ ದುಡಿದರೂ ವರ್ಷಕ್ಕೆ 3,500 ಗಂಟೆ. ದತ್ತು ಪಡೆದ ಒಂದೇ ಹಳ್ಳಿಗೆ ಇಷ್ಟು ದುಡಿಮೆ ಸಿಕ್ಕರೆ ಏನೇನು ಮಾಡಬಹುದು!

ಇಲ್ಲಿ ಬೇಕಾದದ್ದೇನು

ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಇಲ್ಲಿನದು ಶೇ 52ರ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ. ಹೆಣ್ಣುಮಕ್ಕಳದು ಶೇ 41ರಷ್ಟು ಮಾತ್ರ. ನಾರಾಯಣಪುರ ಜಲಾಶಯದಿಂದ ಸುರಪುರ, ಶಹಾಪುರದ ಕಾಲುವೆ ಬದಿಯ ಹೊಲಗಳಿಗೆ ಕೃಷ್ಣೆಯ ನೀರು ಬಂದಿದೆ, ಭತ್ತ ಬೆಳೆದಿದೆ. ಆದರೂ ಭೂಮಿ ಇಲ್ಲದವರು, ಮಳೆ ನಂಬಿದ ತುಂಡು ಹೊಲದವರು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವುದು ನಿಂತಿಲ್ಲ. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯ ಹಾಜರಿ ಇಳಿಯುತ್ತದೆ.

ಇಂಥ ಊರಿಗೆ ಕಾಲೇಜು ಮಕ್ಕಳು ಬಂದಾಗ ಊರವರು ಅವರಲ್ಲಿ ಕಾಣುವುದು ಅವರ ಓದನ್ನು. ಸಲಿಕೆ ಹಿಡಿಯುವುದರಲ್ಲಿ ಊರವರನ್ನು ಮೀರಿಸಲು ಇವರಿಂದಾಗದು. ಮನೆ ಮನೆ ಸಮೀಕ್ಷೆಗೆ ಹೋದ ಹುಡುಗಿಯನ್ನು ಕಂಡು ಮುದುಕಿಯೊಬ್ಬಳು ಜಂತಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲ ಇಳಿಸುತ್ತಾಳೆ. ಒಳಗೆ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಮಡಿಕೆ ಬಿದ್ದ ಒಂದು ನೋಟಿಸು. “ಯವ್ವಾ, ಇದರಾಗ ಏನ ಬರದಾರ, ಓದಿ ಹೇಳು.” ಹುಡುಗಿ ಒಂದೊಂದೇ ಬಿಡಿಸಿ ನೋಡುತ್ತಾಳೆ. ಆಧಾರ್‌ನಲ್ಲಿ ಮಲ್ಲಮ್ಮ, ಪಾಸ್‌ಬುಕ್ಕಿನಲ್ಲಿ ಮಲ್ಲವ್ವ. “ಆಯಿ, ಹೆಸರು ಕೂಡಿಲ್ಲ, ಅದಕ್ಕೇ ಪಗಾರ ನಿಂತಾದ.” ಪಗಾರ ಎಂದರೆ ವೃದ್ಧಾಪ್ಯ ವೇತನ. ಅರ್ಜಿ ಬರೆದು, ಆಯಿಯ ಜೊತೆ ಪಂಚಾಯಿತಿಗೋ ಬ್ಯಾಂಕಿಗೋ ಹೋಗಿ ಬರುವುದು ಒಂದೆರಡು ದಿನದ ಕೆಲಸ. ಅದನ್ನು ಮಾಡುವವರಿಲ್ಲದೆ ತಿಂಗಳುಗಟ್ಟಲೆ ಹಣ ಬಾರದ ಮನೆಗಳಿರುತ್ತವೆ.

ಗುಳೆ ಹೋಗುವವರ ಮನೆಯಲ್ಲಿ ಕೆಲಸ ಇನ್ನೂ ಹೆಚ್ಚು. ಕಟ್ಟಡ ಕೆಲಸದವರು 18ರಿಂದ 60ರ ವಯಸ್ಸಿನವರಾಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ರೇಷನ್ ಕಾರ್ಡು ಊರಲ್ಲಿದ್ದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಬಸ್ಸು ಹತ್ತುವ ಮೊದಲೇ ಇಷ್ಟನ್ನು ಬಿಡಿಸಿ ಹೇಳುವವರು ಬೇಕು. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಮರಳಿದವರು ಇಲ್ಲಿನ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆಗಿದ್ದ ದಿನಗಳನ್ನು ಕಂಡವರಿಗೆ ಈ ಮಾಹಿತಿಯ ಬೆಲೆ ಗೊತ್ತು.

ಇನ್ನೊಂದು ಕೆಲಸ ಅಕ್ಷರ ಕಲಿಸುವುದು. 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ‘ಉಲ್ಲಾಸ್’, ನಿಂತಿರುವುದೇ ಸಂಬಳವಿಲ್ಲದ ಸ್ವಯಂಸೇವಕರ ಮೇಲೆ. 15 ವರ್ಷ ದಾಟಿದ ಯಾರೇ ಆದರೂ ಕಲಿಯಬಹುದು. ಕೊನೆಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ. ಸ್ವಂತ ಅವ್ವನಿಗೆ ಸಹಿ ಕಲಿಸಿದ ಹುಡುಗಿ ನೆರೆಮನೆಯ ಚಿಗವ್ವನಿಗೆ ಕಲಿಸಲಾರಳೇ? 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾದ ಮೇಲೆ ಹೆಣ್ಣುಮಕ್ಕಳಿಗೆ ಕಾಲೇಜಿಗೂ ದತ್ತು ಗ್ರಾಮಕ್ಕೂ ಓಡಾಡಲು ಕಾಸಿನ ಅಡ್ಡಿಯಿಲ್ಲ.

ಜೊತೆಗಾರರು

ಎನ್ನೆಸ್ಸೆಸ್ ಇಲ್ಲಿ ಒಂಟಿಯಲ್ಲ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಅಂತಿಮ ವರ್ಷದ ಕೃಷಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ನೆಲೆಸಿ, ರೈತರ ಹೊಲದಲ್ಲೇ ಕಲಿಯಬೇಕೆಂಬುದು ಅವರ ಪಠ್ಯದ ಭಾಗ. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಓದಿನ ಅವಧಿಯಲ್ಲಿ ಅವರ ಆರೋಗ್ಯದ ಕಡೆ ಗಮನ ಕೊಡಬೇಕೆಂಬ ನಿಯಮ ಈಗ ದೇಶದಾದ್ಯಂತ ಇದೆ. ಯಾದಗಿರಿಗೂ ಸ್ವಂತ ವೈದ್ಯಕೀಯ ಕಾಲೇಜು ಬಂದಿದೆ. ಸರ್ಕಾರಿ ಶಾಲೆಗಳ ಜೊತೆ ಸುರಪುರ ಭಾಗದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಟಾಟಾ ಟ್ರಸ್ಟ್ಸ್ ಬೆಂಬಲದ ‘ಕಲಿಕೆ’ ಸಂಸ್ಥೆಯೂ ಜಿಲ್ಲೆಯಲ್ಲಿದೆ. ಎನ್ನೆಸ್ಸೆಸ್ ಘಟಕಗಳು ಇವರೊಡನೆ ಕೈಜೋಡಿಸಿದರೆ ಹುಡುಗರ ಉತ್ಸಾಹಕ್ಕೆ ಅನುಭವಿಗಳ ಮಾರ್ಗದರ್ಶನ ಸಿಗುತ್ತದೆ.

ಸಮಾರೋಪದ ನಂತರ

ಶಿಬಿರಗಳಲ್ಲಿ ಕೊರತೆಗಳೂ ಇವೆ. ಗುಡಿಯಂಗಳ ಗುಡಿಸಿ, ಭಾಷಣ ಕೇಳಿ, ಫೋಟೊ ತೆಗೆಸಿಕೊಂಡು, ಪ್ರಮಾಣಪತ್ರ ಪಡೆದರೆ ಮುಗಿಯಿತು ಎಂಬಂತೆ ನಡೆಯುವುದುಂಟು. ಮುಂದಿನ ವರ್ಷ ಬೇರೆ ಊರು, ಹೊಸ ಹುಡುಗರು. ಹಿಂದಿನ ಊರಿನ ಆಯಿಯ ಅರ್ಜಿ ಏನಾಯಿತೆಂದು ಕೇಳುವವರಿಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಒಂದೇ ಊರನ್ನು ಮೂರ್ನಾಲ್ಕು ವರ್ಷ ಬಿಡದೆ ಹಿಡಿಯಬೇಕು. ಯಾವ ಮನೆಯ ಯಾವ ಅರ್ಜಿ ಎಲ್ಲಿ ನಿಂತಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹಳೆಯ ತಂಡ ಅದನ್ನು ಹೊಸ ತಂಡಕ್ಕೆ ಒಪ್ಪಿಸಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪಿಡಿಒ ಜೊತೆ ತಿಂಗಳಿಗೊಮ್ಮೆ ಕೂತು ಆ ಪುಟಗಳನ್ನು ತಿರುವಬೇಕು. ಸರ್ಕಾರ ಮಾಡಬೇಕಾದ್ದನ್ನು ವಿದ್ಯಾರ್ಥಿಗಳ ಹೆಗಲಿಗೆ ಹೊರಿಸಬಾರದು, ನಿಜ. ಆದರೆ ಹಕ್ಕಿರುವವರನ್ನು ಆ ಹಕ್ಕು ಕೊಡುವ ಕಚೇರಿಯವರೆಗೆ ಜೊತೆಯಾಗಿ ಕರೆದೊಯ್ಯುವುದು ಅವರಿಂದ ಆಗುವ ಕೆಲಸ.

ಶ್ರಮದಾನದಲ್ಲಿ ಹಾಕಿದ ಮಣ್ಣಿನ ದಾರಿ ಒಂದು ಮಳೆಗಾಲಕ್ಕೆ ಕೊಚ್ಚಿಹೋಗಬಹುದು. ನಿಂತ ಪಿಂಚಣಿ ಮತ್ತೆ ಬಂದರೆ ಆ ಮನೆಯ ಒಲೆ ತಿಂಗಳು ತಿಂಗಳೂ ಉರಿಯುತ್ತದೆ. ನಮ್ಮ ಜಿಲ್ಲೆಯ ಮಕ್ಕಳು ಕಷ್ಟಪಟ್ಟು ಗಳಿಸಿದ ಓದನ್ನು ಊರಿಗೆ ಹಂಚಲು ಸಿದ್ಧರಿದ್ದಾರೆ. ಅದಕ್ಕೆ ತಕ್ಕ ಕೆಲಸ ಒಪ್ಪಿಸುವ ಹೊಣೆ ಕಾಲೇಜುಗಳದು, ಪಂಚಾಯಿತಿಗಳದು.