ವಕೀಲರಾಗಲು ಪ್ರವೇಶ ಪರೀಕ್ಷೆ ಬೇಕೇ?

ಬ್ಯಾರಿಸ್ಟರ್ ಎಂಬುದು ಇಂಗ್ಲೆಂಡಿನ ಪದವಿ. 1961ರ ವಕೀಲರ ಕಾಯ್ದೆಯ ನಂತರ ನಮ್ಮಲ್ಲಿರುವುದು ಅಡ್ವೊಕೇಟ್ ಎಂಬ ಒಂದೇ ವರ್ಗ. ಹರವೆ, ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಲಂಡನ್ ಬೇಡ, ಮೈಸೂರು ಸಾಕು.

ಪಿಯುಸಿ ಯಾವ ವಿಭಾಗದಲ್ಲಿ ಮುಗಿಸಿದ್ದರೂ 5 ವರ್ಷದ ಕಾನೂನು ಪದವಿಗೆ ಸೇರಬಹುದು. ಡಿಗ್ರಿ ಆದವರಿಗೆ 3 ವರ್ಷದ ಎಲ್‌ಎಲ್‌ಬಿ ಇದೆ. ಬಾರ್ ಕೌನ್ಸಿಲ್ ನಿಯಮದಂತೆ ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ರಾಜ್ಯದ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ, ಕೊನೆಯ ದಿನ ಓಡಾಡುವುದು ತಪ್ಪುತ್ತದೆ.

ಪೋಷಕರು ಹೆಚ್ಚು ಹೆದರುವುದು ಕ್ಲಾಟ್ ಹೆಸರಿಗೆ. ಅದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಮುಖ್ಯವಾಗಿ ಬೇಕಾಗುವುದು. 2 ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಡೀ ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟವೇ, ಆದರೆ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಲಾ ಸ್ಕೂಲ್‌ನಲ್ಲಿ ಶೇ. 25 ಮೀಸಲು ಇರುವುದನ್ನು ಮರೆಯಬಾರದು.

ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಕ್ಲಾಟ್ ಬೇಕಿಲ್ಲ. ಮೈಸೂರಿನ ವಿದ್ಯಾವರ್ಧಕ, ಶಾರದಾ ವಿಲಾಸ ಕಾನೂನು ಕಾಲೇಜುಗಳು ಇದರಡಿ ಬರುತ್ತವೆ. ಪಿಯುಸಿ ಅಥವಾ ಡಿಗ್ರಿ ಅಂಕದ ಮೇಲೆಯೇ ಸೀಟು.

ತಪ್ಪಿಸಿಕೊಳ್ಳಲಾಗದ ಪರೀಕ್ಷೆ ಇರುವುದು ಓದಿನ ಕೊನೆಗೆ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಗಕ್ಕೆ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಜೊತೆಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ಕನ್ನಡದಲ್ಲೂ ಬರೆಯಬಹುದು.