ನೆಟ್ಸುಕೆ: ಜಪಾನಿನ ಕಿರು ದಂತಶಿಲ್ಪ

ಜಪಾನಿನ ಸಾಂಪ್ರದಾಯಿಕ ಉಡುಪಾದ ಕಿಮೊನೊಗೆ ಜೇಬುಗಳಿಲ್ಲ. ಆದ್ದರಿಂದ ಎಡೊ ಕಾಲದಲ್ಲಿ (1603–1868) ಪುರುಷರು ತಂಬಾಕಿನ ಸಂಚಿ, ಔಷಧದ ಪುಟ್ಟ ಡಬ್ಬಿ ಮುಂತಾದವನ್ನು ದಾರಕ್ಕೆ ಕಟ್ಟಿ ನಡುಪಟ್ಟಿಯಿಂದ ಇಳಿಬಿಡುತ್ತಿದ್ದರು. ಆ ದಾರ ಜಾರದಂತೆ ಅದರ ಮೇಲ್ತುದಿಯಲ್ಲಿ ಪೋಣಿಸುತ್ತಿದ್ದ ಗುಂಡಿಯಂತಹ ಸಾಧನವೇ ನೆಟ್ಸುಕೆ. ಅಂಗೈಯಲ್ಲಿ ಅಡಗುವ ಈ ನಿತ್ಯಬಳಕೆಯ ವಸ್ತು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮೊದಲಾದ ಕಡೆ ಕಲಾಕೃತಿಯಾಗಿ ಸ್ಥಾನ ಪಡೆದಿದೆ. ಇದು ಸಾಧ್ಯವಾದ ಬಗೆ ಸಣ್ಣ ಉತ್ಪಾದಕರಿಗೂ ವರ್ತಕರಿಗೂ ವಿಚಾರಯೋಗ್ಯವಾಗಿದೆ.

ನೆಟ್ಸುಕೆಯ ರೂಪವನ್ನು ನಿರ್ಧರಿಸಿದ್ದು ಅದರ ಉಪಯೋಗ. ಬಟ್ಟೆಗೆ ಸಿಲುಕುವ ಚೂಪು ತುದಿಯಾಗಲಿ, ಸುಲಭವಾಗಿ ಮುರಿಯುವ ಚಾಚುಭಾಗವಾಗಲಿ ಇರಕೂಡದು. ದಾರ ಹಾಯಲು ರಂಧ್ರ ಇರಲೇಬೇಕು. ಈ ನಿರ್ಬಂಧಗಳಿಗೆ ಕುಶಲಕರ್ಮಿಗಳು ಪ್ರಕೃತಿಯಲ್ಲಿ ಪರಿಹಾರ ಕಂಡುಕೊಂಡರು. ಬಾಲವನ್ನು ಮೈಗೆ ಸುತ್ತಿಕೊಂಡ ಇಲಿ, ಕಾಲು ಮಡಚಿ ಕುಳಿತ ಮೊಲ, ಚಿಪ್ಪಿಗೆ ಒತ್ತಿಕೊಂಡ ಬಸವನಹುಳು, ಎಲೆಯ ಮೇಲಿನ ಕಪ್ಪೆ ಇವೆಲ್ಲವೂ ದುಂಡಗಿನ, ಗಟ್ಟಿಯಾದ ಆಕಾರಗಳೇ. ಬಾಗಿದ ಬಾಲ ಅಥವಾ ಕಾಲಿನ ಸಂದಿಯೇ ಎಷ್ಟೋ ವೇಳೆ ದಾರದ ರಂಧ್ರವಾಯಿತು. ಇವಾಮಿ ಪ್ರಾಂತದ ತೊಮಿಹಾರು ಕಾಡುಹಂದಿಯ ಕೋರೆಹಲ್ಲಿನಲ್ಲಿ ಕೆತ್ತಿದ ಕಿರುಜೀವಿಗಳು ಹೆಸರಾಗಿವೆ. 1781ರಲ್ಲಿ ಪ್ರಕಟವಾದ 'ಸೊಕೆನ್ ಕಿಶೊ' ಗ್ರಂಥವು 50ಕ್ಕೂ ಹೆಚ್ಚು ನೆಟ್ಸುಕೆ ಶಿಲ್ಪಿಗಳನ್ನು ಹೆಸರಿಸಿದೆ. ಅನೇಕರು ಕೃತಿಯ ಮೇಲೆ ಸಹಿಯನ್ನೂ ಕೊರೆಯುತ್ತಿದ್ದರು; ಆ ಸಹಿಯೇ ಖರೀದಿದಾರನಿಗೆ ಗುಣಮಟ್ಟದ ಭರವಸೆಯಾಯಿತು.

1868ರ ನಂತರ ಪಾಶ್ಚಾತ್ಯ ಉಡುಪು ಮತ್ತು ಸಿಗರೇಟು ಬಳಕೆಗೆ ಬಂದಂತೆ ಸ್ಥಳೀಯ ಬೇಡಿಕೆ ಕುಗ್ಗಿತು. ಆದರೆ ಯುರೋಪ್, ಅಮೆರಿಕಗಳ ಸಂಗ್ರಾಹಕರು ಖರೀದಿಗೆ ಮುಂದಾದರು. ಹಲವು ಶಿಲ್ಪಿಗಳು ರಫ್ತಿಗಾಗಿ 'ಒಕಿಮೊನೊ' ಎಂಬ ಅಲಂಕಾರಿಕ ಮೂರ್ತಿಗಳ ತಯಾರಿಕೆಗೆ ಹೊರಳಿದರು.

ಮುಂದಿನ ಸವಾಲು ಕಚ್ಚಾವಸ್ತುವಿನದು. ಜಪಾನ್ ಆನೆದಂತಕ್ಕಾಗಿ ಆಮದನ್ನೇ ಅವಲಂಬಿಸಿತ್ತು. ಆಫ್ರಿಕಾದ ಆನೆಗಳ ಸಂಖ್ಯೆ ತೀವ್ರವಾಗಿ ಕುಸಿದ ಕಾರಣ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 1989ರಲ್ಲಿ ದಂತದ ವಾಣಿಜ್ಯ ವಹಿವಾಟನ್ನು ನಿಷೇಧಿಸಲು ನಿರ್ಣಯಿಸಿತು. ಭಾರತವು 1986ರ ತಿದ್ದುಪಡಿಯಿಂದ ದೇಶೀಯ ಆನೆದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಷೇಧಿಸಿದೆ. ಆದುದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ದಂತದ ನೆಟ್ಸುಕೆಯನ್ನು ವಿದೇಶದಿಂದ ತರಬಹುದೆಂದು ವರ್ತಕರು ಭಾವಿಸಬಾರದು. ಖರೀದಿಗೆ ಮೊದಲೇ ಸುಂಕ ಹಾಗೂ ವನ್ಯಜೀವಿ ಇಲಾಖೆಗಳ ನಿಯಮ ಅರಿಯುವುದು ಅಗತ್ಯ.

ದಂತವಿಲ್ಲದೆಯೂ ಈ ಕಲೆ ಉಳಿದಿದೆ. ನಗೋಯದ ಇಕ್ಕನ್ 19ನೆಯ ಶತಮಾನದಲ್ಲೇ ಮರದಲ್ಲಿ ಕೆತ್ತಿದ ಇಲಿಗಳನ್ನು ಸಂಗ್ರಾಹಕರು ಇಂದಿಗೂ ಅರಸುತ್ತಾರೆ. ಮರ ಮತ್ತು ಜಿಂಕೆಯ ಕೊಂಬಿನಲ್ಲಿ ಕೆತ್ತುವ ಶಿಲ್ಪಿಗಳು ಈಗಲೂ ಇದ್ದಾರೆ. ಮೈಸೂರಿನ ಬೀಟೆಮರದ ಇನ್‌ಲೇ ಕುಶಲಕರ್ಮಿಗಳು ಸಹ ದಂತವನ್ನು ಕೈಬಿಟ್ಟು ಬೇರೆ ವಸ್ತುಗಳಿಂದ ತಮ್ಮ ಉದ್ಯಮವನ್ನು ಮುಂದುವರಿಸಿದ್ದಾರೆ. ಕಚ್ಚಾವಸ್ತು ಕೈತಪ್ಪಿದಾಗ ಈ ಎರಡೂ ಕಸುಬುಗಳನ್ನು ಉಳಿಸಿದ್ದು ಕೈಕೆಲಸದ ನೈಪುಣ್ಯ.